ಮದರಂಗಿ ಹಚ್ಚಿದ ಉಗುರುಗಳು

ನಮ್ಮೂರಿನ ಜನನದ ಪುಸ್ತಕವನ್ನು ನಾನು ನಲವತ್ತೊಂದು ವರ್ಷ ಬರೆದೆ. ಅಷ್ಟು ವರ್ಷಗಳಲ್ಲಿ ಒಂದು ಅಕ್ಷರವನ್ನು ಹೊಡೆದುಹಾಕಿದವನಲ್ಲ, ಒಂದು ಸಾಲನ್ನು ತಿದ್ದಿದವನಲ್ಲ. ಓದು ಬಾರದವರು ಕೂಡ ನನ್ನ ಬರಹವನ್ನು ನೋಡಲೆಂದು ಬಂದು, ಪುಟ ತಿರುವಿ, ಚಾಪೆಯ ಹೆಣಿಗೆಯನ್ನು ಮೆಚ್ಚುವಂತೆ ಮೆಚ್ಚಿ ಹೋಗುತ್ತಿದ್ದರು. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ಓದುಗರು ತಿಳಿದರೆ ನಾನು ಅಲ್ಲಗಳೆಯುವುದಿಲ್ಲ. ಹೆಮ್ಮೆ ನನಗಿತ್ತು. ಈಗ ಬರೆಯಹೊರಟಿರುವುದು ಆ ಹೆಮ್ಮೆಯಿಂದ ಊರಿಗೂ ನನ್ನ ಮಗಳಿಗೂ ಆದ ಕೇಡನ್ನು.

ಊರು ಇರುವುದು ಒಂದು ದಿಬ್ಬದ ಮೇಲೆ. ಸುತ್ತಲೂ ಜೌಗು, ಜೌಗಿನಾಚೆ ಜೊಂಡಿನ ಬಯಲು. ಆ ಜೊಂಡನ್ನು ಕೊಯ್ದು ತಂದು ಚಾಪೆ ಹೆಣೆಯುವುದೇ ನಮ್ಮ ಬದುಕು. ದಿಬ್ಬದಿಂದ ಬಯಲಿಗೆ ಒಂದೇ ದಾರಿ: ಜೌಗಿನಲ್ಲಿ ಹೆಜ್ಜೆಗೊಂದರಂತೆ ಹಿರಿಯರು ನೆಟ್ಟ ಕಲ್ಲುಗಳು. ಕಾಲು ತಪ್ಪಿದವನನ್ನು ಜೌಗು ಹಿಂದಿರುಗಿಸುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮಂಜುಗಾಲ. ಜೊಂಡು ಹದಕ್ಕೆ ಬರುವುದೂ ಆ ನಾಲ್ಕು ತಿಂಗಳಲ್ಲೇ. ನಮ್ಮ ಮಂಜು ಬೆಂಕಿಯನ್ನು ನುಂಗುವಂಥದು. ಹಾಡೇ ಹಗಲಿನಲ್ಲಿ ಪಂಜು ಹಿಡಿದು ಹೋದರೂ ಹಿಡಿದವನಿಗೇ ಪಂಜು ಕಾಣದು. ಅದನ್ನು ಹಾದು ಬರುವ ಬೆಳಕು ಒಂದೇ, ಬೆಳ್ಳುಗುರಿನದು.

ಬೆಳ್ಳುಗುರಿನವರು ನಮ್ಮಂಥವರೇ. ಬಿಸಿಲಿನಲ್ಲಿ ಅವರ ಉಗುರಿಗೂ ನಮ್ಮ ಉಗುರಿಗೂ ಭೇದ ಕಾಣದು. ಮಂಜು ಇಳಿದಾಗ ಮಾತ್ರ ಅವರ ಹತ್ತು ಬೆರಳುಗಳ ತುದಿಯೂ ಎಳೆಯ ಬೆಳದಿಂಗಳಿನಂತೆ ಬೆಳಗುವುದು. ಅವರಲ್ಲೊಬ್ಬರು ಕೈಯೆತ್ತಿ ಮುಂದೆ ನಡೆದರೆ, ಹಿಂದೆ ಇಪ್ಪತ್ತು ಮಂದಿ ಕೊಯ್ಯುವವರು ಸಾಲುಗಟ್ಟಿ ಹೋಗುವರು. ಸಾಲಿನ ಕೊನೆಯಲ್ಲಿ ಇನ್ನೊಬ್ಬರು, ಸಾಮಾನ್ಯವಾಗಿ ಎಳೆಯ ವಯಸ್ಸಿನವರು, ಕೈಯನ್ನು ಹಿಂದಕ್ಕೆ ತೋರುತ್ತ ನಡೆಯುವರು. ಅದಕ್ಕೆ ಬಾಲದ ಬೆಳಕು ಎಂದು ಹೆಸರು. ಕತ್ತರಿಸಿದ ಉಗುರು ಕೂಡ ಒಂದು ವಾರ ಬೆಳಗುತ್ತದಾದ್ದರಿಂದ ಅದನ್ನು ಗಾಜಿನ ಕುಪ್ಪಿಯಲ್ಲಿ ತುಂಬಿ ಬಾಗಿಲಿಗೆ ತೂಗುಹಾಕುವ ರೂಢಿಯಿತ್ತು. ಉಗುರು ಕಡಿಯುವ ಚಾಳಿಯ ಗಂಡನನ್ನು ಕಟ್ಟಿಕೊಂಡವಳಿಗೆ, "ನಿಮ್ಮನೇಲಿ ದೀಪ ಹೊಟ್ಟೆ ಒಳಗೇ ಉರಿಯುತ್ತೆ ಬಿಡು" ಎಂದು ನೆರೆಯವರು ಛೇಡಿಸುತ್ತಿದ್ದರು.

ಮಗು ಹುಟ್ಟಿದಾಗ ಮೊದಲ ಸ್ನಾನದ ವೇಳೆಗೆ ಸೂಲಗಿತ್ತಿ ಅದರ ಕೈಯನ್ನು ಹಂಡೆಯ ಹಬೆಗೆ ಹಿಡಿದು ನೋಡುವಳು. ಹಬೆಯೂ ಮಂಜಿನ ತಮ್ಮನಷ್ಟೆ. ಬೆರಳ ತುದಿ ಬೆಳಗಿದರೆ ಬೆಳ್ಳುಗುರು, ಇಲ್ಲದಿದ್ದರೆ ಸಾದಾ. ಅವಳು ಬಂದು ಹೇಳುವಳು, ನಾನು ಬರೆಯುವೆನು. ನನ್ನ ಕಾಲದುದ್ದಕ್ಕೂ ಸೂಲಗಿತ್ತಿಯಾಗಿದ್ದವಳು ಸಣ್ಣೀರವ್ವ. ನನಗಿಂತ ಹದಿನೈದು ವರ್ಷ ಹಿರಿಯಳು. ಊರೆಲ್ಲ ನನ್ನನ್ನು ಬರಹದಯ್ಯನವರು ಎಂದು ಕರೆದರೆ ಅವಳು ಮಾತ್ರ ನೀನು ಎನ್ನುತ್ತಿದ್ದಳು. "ನಮ್ಮವ್ವ ನಿನ್ನ ಎತ್ಕೊಂಡಾಗ ಪಕ್ಕದಲ್ಲಿ ಬಿಸಿನೀರು ಹಿಡ್ಕೊಂಡು ನಿಂತಿದ್ದೋಳು ನಾನು. ನಿಂಗೆ ಬಹುವಚನ ಹೆಂಗೆ ಕೊಡಲಿ?" ಎನ್ನುವಳು.

ಆ ಕಾಲದಲ್ಲಿ ಸಂಬಂಧ ಕೂಡಿಸುವಾಗ ಉಗುರನ್ನು ನೋಡುವವರಿರಲಿಲ್ಲ. ಗಂಡು ಗಟ್ಟಿಗನೇ, ಹೆಣ್ಣು ಜಾಣೆಯೇ, ಮನೆತನ ಹೇಗೆ, ಇಷ್ಟೇ ವಿಚಾರ. ಹೀಗಾಗಿ ಬೆಳ್ಳುಗುರಿನವರು ಎಲ್ಲ ಬೀದಿಗಳಲ್ಲೂ ಇದ್ದರು. ಅವರಿಗೆ ಎಲ್ಲ ಬೀದಿಗಳಲ್ಲೂ ಮಾವಂದಿರು, ಬೀಗರು, ಸೋದರಳಿಯಂದಿರು ಇದ್ದರು. ಸಾವಿರದಾರುನೂರು ಜನರ ಊರಿನಲ್ಲಿ ಬೆಳ್ಳುಗುರಿನವರು ನೂರು ಮಂದಿ. ನನ್ನ ತಾತನ ಕಾಲದಲ್ಲೂ ಹದಿನಾರಕ್ಕೊಬ್ಬರೇ, ನನ್ನ ಕಾಲದಲ್ಲೂ ಹದಿನಾರಕ್ಕೊಬ್ಬರೇ. ಹಿಂದಿನವರು ಬರೆದಿಟ್ಟ ಪುಸ್ತಕಗಳನ್ನೆಲ್ಲ ಕೂಡಿಸಿ ಎಣಿಸಿ ಇದನ್ನು ಕಂಡುಹಿಡಿದವನು ನಾನೇ. ಇಬ್ಬರೂ ಬೆಳ್ಳುಗುರಿನವರಾದರೆ ಮಕ್ಕಳೆಲ್ಲರೂ ಬೆಳ್ಳುಗುರು. ಆದರೆ ಇಬ್ಬರೂ ಸಾದಾ ಆಗಿರುವ ಕೆಲವು ಮನೆಗಳಲ್ಲಿಯೂ ನಾಲ್ಕಕ್ಕೊಂದು ಮಗು ಬೆಳಗುತ್ತಿತ್ತು. ಅಂಥ ಮನೆಯ ಹೆಂಗಸರ ಬಗ್ಗೆ ಊರು ಆಡುತ್ತಿದ್ದ ಮಾತು ಬರೆಯತಕ್ಕದ್ದಲ್ಲ. ಲೆಕ್ಕ ತೋರಿಸಿ ಆ ಮಾತನ್ನು ನಿಲ್ಲಿಸಿದವನೂ ನಾನೇ. ನಾನು ಮಾಡಿದ ಒಳ್ಳೆಯ ಕೆಲಸ ಇದೊಂದು, ಹೇಳಿಕೊಳ್ಳುವೆನು.

ನನಗೆ ಮೂವತ್ತೆರಡಾದ ವರ್ಷ ಮಂಜುಗಾಲಕ್ಕೆ ಮುಂಚೆ ಕೈಯೆತ್ತಿ ನಡೆಯುವವರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಚಾಪೆಗೆ ಹೊರಗಿನಿಂದ ಬೇಡಿಕೆ ಹೆಚ್ಚಿದ್ದ ಕಾಲ; ಸಾಲು ಹೆಚ್ಚಿಸಬೇಕೆಂದರೆ ಮುಂದೆ ನಡೆಯುವ ಕೈಯಿಲ್ಲ. ಊರಿನ ಯಜಮಾನ ಮಾಚಯ್ಯ ಕಟ್ಟೆಯ ಮುಂದೆ ಸಭೆ ಕರೆದನು. "ಬೆಳಕು ಇಳೀತಾ ಇದೆ ಅಂತ ಜನ ಹೆದರ್ಕೊಂಡವ್ರೆ. ಬರಹದಯ್ನೋರೆ, ನಿಮ್ಮ ಪುಸ್ತಕ ಏನನ್ನುತ್ತೆ?" ಎಂದನು.

ನಾನು ಒಂದು ಮಡಕೆಯಲ್ಲಿ ಮೂರು ಪಾಲು ಕೆಂಪು ಗುಲಗಂಜಿ, ಒಂದು ಪಾಲು ಬಿಳಿ ಗುಲಗಂಜಿ ಹಾಕಿ ಕಲಸಿಕೊಂಡು ಹೋಗಿದ್ದೆನು. ಬಂದವರಿಗೆಲ್ಲ ಕಣ್ಣು ಮುಚ್ಚಿ ಎರಡೆರಡು ಕಾಳು ತೆಗೆಯಹೇಳಿದೆ. "ನಮ್ಮ ಪ್ರತಿಯೊಬ್ಬರ ಒಳಗೂ ಇಂಥ ಎರಡು ಕಾಳುಗಳಿವೆ. ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಎರಡೂ ಬಿಳಿಯಾದರೆ ಉಗುರು ಬೆಳಗುತ್ತದೆ. ಒಂದು ಕೆಂಪಾದರೂ ಸಾಕು, ಬಿಳಿಯದು ಅಡಗಿಬಿಡುತ್ತದೆ," ಎಂದೆ. ಕಾಳು ತೆಗೆದವರಲ್ಲಿ ಹದಿನಾರಕ್ಕೊಬ್ಬರ ಅಂಗೈಯಲ್ಲಿ ಜೋಡಿ ಬಿಳಿ ಬಂದಿತ್ತು. ಸಭೆ ಬೆರಗಾಯಿತು. ಆ ಬೆರಗು ನನ್ನ ತಲೆಗೇರಿತು. "ಬೆಳಕು ಇಳಿದಿಲ್ಲ. ಆದರೆ ಏರಿಸುವ ದಾರಿಯಿದೆ. ಬೆಳ್ಳುಗುರಿನವರು ಬೆಳ್ಳುಗುರಿನವರನ್ನೇ ಮದುವೆಯಾದರೆ ಅವರ ಮಕ್ಕಳಲ್ಲಿ ಒಂದೂ ವ್ಯರ್ಥವಾಗುವುದಿಲ್ಲ. ಒಂದು ತಲೆಮಾರಿನಲ್ಲಿ ನೂರು ಇದ್ದದ್ದು ನೂರ ಅರವತ್ತಾಗುತ್ತದೆ. ಇದು ನನ್ನ ಲೆಕ್ಕ," ಎಂದೆ.

ಹಿಂದಿನ ಸಾಲಿನಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ ಸಣ್ಣೀರವ್ವ ಕೇಳಿದಳು: "ಮಡಕೇಲಿ ಬಿಳಿ ಕಾಳು ಹೆಚ್ಚಾಯ್ತದಾ?"

"ಜೋಡಿ ಬಿಳಿ ಹೆಚ್ಚುತ್ತದೆ."

"ಅದಲ್ಲ ಮಾರಾಯ. ಕಾಳು ಹೆಚ್ಚಾಯ್ತದಾ ಅಂದೆ. ಇದ್ದಿದ್ದನ್ನೇ ಬಾಚಿ ಒಂದು ಕಡೆ ಗುಡ್ಡೆ ಹಾಕ್ತೀಯ, ಅಷ್ಟೆ ತಾನೆ? ಗುಡ್ಡೆ ಹಾಕಿದ್ದನ್ನ ಗಾಳಿ ಹೊತ್ಕೊಂಡ್ ಹೋದ್ರೆ?"

ಜನ ನಕ್ಕರು. ನಾನೂ ನಕ್ಕೆ. ಅಕ್ಷರ ಬಾರದ ಹೆಂಗಸು ಲೆಕ್ಕ ಕೇಳುತ್ತಾಳಲ್ಲ ಎಂಬ ನಗೆ ಅದು. ಆ ನಗೆಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಕಟ್ಟಳೆಯನ್ನು ನಾನೇ ಬರೆದೆ, ನನ್ನ ಅತ್ಯಂತ ದುಂಡಾದ ಅಕ್ಷರಗಳಲ್ಲಿ. ಬೆಳ್ಳುಗುರಿನವರು ಬೆಳ್ಳುಗುರಿನವರನ್ನೇ ವರಿಸತಕ್ಕದ್ದು. ದಿಬ್ಬದ ಬುಡದಲ್ಲಿ, ಮೊದಲ ಕಲ್ಲಿನ ಬಳಿ, ಒಂದೇ ಕೇರಿಯಾಗಿ ನೆಲಸತಕ್ಕದ್ದು. ಸಾದಾ ಮನೆಯಲ್ಲಿ ಹುಟ್ಟಿದ ಬೆಳ್ಳುಗುರಿನ ಮಗುವನ್ನು ಏಳನೆಯ ವರ್ಷದಲ್ಲಿ ಕೇರಿಗೆ ಒಪ್ಪಿಸತಕ್ಕದ್ದು. ಒಪ್ಪಿಸಿದ ಮೇಲೆ ಆ ಮಗು ಕೇರಿಯದು, ಹೆತ್ತವರಿಗೆ ಹಕ್ಕಿಲ್ಲ. ಈ ಕೊನೆಯ ಮಾತನ್ನು ಸೇರಿಸಬೇಕೆಂದು ಯಾರೂ ಕೇಳಿರಲಿಲ್ಲ. ವಾಕ್ಯ ಅರ್ಧಕ್ಕೆ ನಿಂತಂತೆ ಕಂಡಿತು, ಪೂರ್ತಿಗೊಳಿಸಿದೆ.

ನನ್ನ ಲೆಕ್ಕ ಸುಳ್ಳಾಗಲಿಲ್ಲ. ಕೇರಿ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಸಾಲುಗಳು ಹೆಚ್ಚಿದವು, ಚಾಪೆಯ ಹೊರೆಗಳು ಹೆಚ್ಚಿದವು. ಹತ್ತನೆಯ ವರ್ಷ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಅದೇ ಕಾಲದಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಿದೆ: ಎಳೆಯ ಮಕ್ಕಳ ಬೆರಳುಗಳಿಗೆ ಮದರಂಗಿ ಹಚ್ಚುವುದು ಊರಿನಲ್ಲಿ ಬಳಕೆಗೆ ಬಂದಿತ್ತು. ಹೆಣ್ಣುಗಂಡೆಂಬ ಭೇದವಿಲ್ಲದೆ ತೊಟ್ಟಿಲಲ್ಲಿರುವ ಕೂಸಿಗೂ ಹಚ್ಚುವರು, ಬಣ್ಣ ಮಾಸಿದರೆ ಮತ್ತೆ ಹಚ್ಚುವರು. ಸಣ್ಣೀರವ್ವನನ್ನು ಕೇಳಿದರೆ, "ಉಷ್ಣಕ್ಕೆ ಒಳ್ಳೇದು" ಎಂದಳು. ಹೆಂಗಸರ ಹೊಸ ಹುಚ್ಚೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ನನಗೆ ಒಬ್ಬಳೇ ಮಗಳು, ದೇವೀರಿ. ತಾಯಿಯಿಲ್ಲದೆ ಬೆಳೆದವಳು. ಅವಳನ್ನು ಮೇಲುಬೀದಿಯ ಜವರಪ್ಪನಿಗೆ ಕೊಟ್ಟಿದ್ದೆ. ಚಾಪೆಯ ಅಂಚು ಕಟ್ಟುವುದರಲ್ಲಿ ಎತ್ತಿದ ಕೈ, ಮಾತು ಕಡಿಮೆ. ಇಬ್ಬರ ಉಗುರೂ ಸಾದಾ. ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿಯೂ ಉಂಟಷ್ಟೆ. ಅವಳು ನನ್ನ ಮನೆಗೆ ಬಂದಳು. ಒಂದು ಬೆಳಗ್ಗೆ ಹೆಣ್ಣುಮಗು ಹುಟ್ಟಿತು. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ನಾನು ಪುಸ್ತಕ ಬಿಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದವನು ತಲೆಯೆತ್ತಿದೆ. ಹಂಡೆಯ ಹಬೆಯಲ್ಲಿ ಐದು ಕಿರಿಯ ಕಿಡಿಗಳು ಕಂಡವು. ಅವು ಮುಚ್ಚಿಕೊಂಡವು, ಮತ್ತೆ ಅರಳಿದವು.

ಸಣ್ಣೀರವ್ವ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, "ಹೆಣ್ಣು. ಸಾದಾ ಅಂತ ಬರ್ಕೊ" ಎಂದಳು.

"ನಾನು ಕಂಡೆ, ಸಣ್ಣೀರವ್ವ."

"ಕಂಡ್ರೆ ಏನೀಗ? ಕಣ್ಣಿಗೆ ಒಲೆ ಹೊಗೆ ಹೊಡೀತು ಅಂದ್ಕೊ. ಒಂದು ಸುಳ್ಳು ಬರುದ್ರೆ ನಿನ್ನ ಕೈ ಕೊಳ್ತು ಬಿದ್ದೋಗಲ್ಲ."

"ಊರಿಗೊಂದು ನ್ಯಾಯ, ನನ್ನ ಮನೆಗೊಂದು ನ್ಯಾಯ ಆಗುವುದಿಲ್ಲ."

ಅವಳು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಳು. "ನೀನೂ ಸಾದಾ, ನಿನ್ನ ಹೆಂಡ್ತಿ ಪುಣ್ಯಾತ್ಗಿತ್ತೀನೂ ಸಾದಾ. ಈ ಮಗಳೊಳಗೆ ಆ ಬಿಳಿ ಕಾಳು ಎಲ್ಲಿಂದ ಬಂತು? ನಿನ್ನೊಳಗೇ ಇದ್ರೂ ಇರ್ಬೋದು. ಹಂಗಾರೆ ನಿನ್ನ ಯಾವ ಕೇರಿಗೆ ಹಾಕಾನ, ಹೇಳು."

ನಾನು ಲೇಖನಿಯನ್ನು ಕೈಗೆತ್ತಿಕೊಂಡೆ. ಒಳಗಿನಿಂದ ದೇವೀರಿಯ ದನಿ ಬಂದಿತು, ಬಳಲಿದ ದನಿ: "ಅಪ್ಪಯ್ಯ, ಇನ್ನೂ ಏಳು ವರ್ಷ ಇದೆಯಲ್ಲ. ಈಗ ಸಾದಾ ಅಂತ್ಲೇ ಇರ್ಲಿ. ಆಮೇಲೆ ಬೇಕಾದ್ರೆ ತಿದ್ದೀರಂತೆ."

ತಿದ್ದುವುದು. ನನ್ನ ಪುಸ್ತಕದಲ್ಲಿ. ಮಗಳು ಕೇಳಿದ್ದು ಮಗುವಿನ ಬದುಕನ್ನು. ನನಗೆ ಕೇಳಿಸಿದ್ದು ಆ ಒಂದು ಪದ. ಲೇಖನಿ ಅದ್ದಿ 'ಬೆಳ್ಳುಗುರು' ಎಂದು ಬರೆದೆ. ಮಗುವಿಗೆ ಚೆಲುವಾಂಬೆ ಎಂದು ಹೆಸರಿಟ್ಟರು. ಎಲ್ಲರ ಬಾಯಲ್ಲಿ ಚೆಲುವಿ.

ಏಳು ವರ್ಷ ತುಂಬಿದ ದಿನ ನಾನೇ ಅವಳ ಕೈಹಿಡಿದು ದಿಬ್ಬ ಇಳಿಸಿದೆ. ಬರಹದಯ್ಯನವರು ತಮ್ಮ ಮೊಮ್ಮಗಳನ್ನೇ ಕೊಟ್ಟರೆಂದು ಊರು ಕೊಂಡಾಡಿತು. ಆ ಹೊಗಳಿಕೆ ಹಿತವಾಗಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ದಾರಿಯಲ್ಲಿ ಚೆಲುವಿ, "ತಾತ, ಅವರ ಮನೇಲೂ ಹುರಿಗಡಲೆ ಉಂಡೆ ಮಾಡ್ತಾರಾ?" ಎಂದು ಕೇಳಿದಳು. ಮಾಡುತ್ತಾರೆ ಎಂದೆ. ಪುಸ್ತಕದ ಹೊರಗೆ ನಾನು ಸುಳ್ಳು ಹೇಳಬಲ್ಲವನಾಗಿದ್ದೆ. ಅಂದಿನಿಂದ ದೇವೀರಿ ನನ್ನ ಮನೆಯ ಹೊಸಿಲು ತುಳಿಯಲಿಲ್ಲ. ಮಂಜುಗಾಲದಲ್ಲಿ ದಿಬ್ಬದ ಅಂಚಿನಲ್ಲಿ ನಿಂತು, ಕೊಯ್ಯುವವರ ಸಾಲುಗಳ ಕೊನೆಯಲ್ಲಿ ಬಾಲದ ಬೆಳಕು ಯಾವುದು ಗಿಡ್ಡಗಿದೆ ಎಂದು ನೋಡುತ್ತಿದ್ದಳಂತೆ.

ಐದು ವರ್ಷ ಹೀಗೆ ಕಳೆಯಿತು. ಆರನೆಯ ಮಂಜುಗಾಲ ಮೊದಲಾಗುವಾಗ ಕೇರಿಯ ಹಿರಿಯ ಅಂಕಯ್ಯ ಸಭೆಗೆ ಬಂದು ನಿಂತನು. ಜೊಂಡಿನ ಬಯಲಿನಾಚೆ, ಎರಡು ಬೆಟ್ಟಗಳ ನಡುವೆ, ವರ್ಷವಿಡೀ ಮಂಜಿರುವ ಒಂದು ಊರಿದೆಯೆಂದೂ, ಅಲ್ಲಿಯವರು ಭೂಮಿ ಕೊಟ್ಟು ಕರೆಯುತ್ತಿದ್ದಾರೆಂದೂ, ಇಡೀ ಕೇರಿ ನಾಳೆ ಬೆಳಗ್ಗೆ ಹೊರಡುವುದೆಂದೂ ಹೇಳಿದನು.

ಮಾಚಯ್ಯ ಕುಳಿತಲ್ಲಿಂದ ಎದ್ದು ಕೇಳಿದನು: "ಹುಟ್ಟಿದ ಊರು ಬಿಟ್ಟು ಹೋಗಕ್ಕೆ ಕಾಲಾದ್ರೂ ಹೆಂಗೆ ಬರ್ತದೊ ಅಂಕಯ್ಯ?"

ಅಂಕಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವೇ ಯೋಚ್ನೆ ಮಾಡಿ ಯಜಮಾನ್ರೆ. ನನ್ನ ಅಜ್ಜಿ ಕಾಲದಲ್ಲಾದ್ರೆ ಮೇಲುಬೀದೀಲಿ ಮಾವನ ಮನೆ, ಕುಂಬಾರಬೀದೀಲಿ ಅತ್ತೆ ಮನೆ ಅಂತಿತ್ತು. ಬಿಟ್ಟು ಹೋಗ್ತೀನಿ ಅಂದ್ರೆ ಹತ್ತು ಜನ ಬಂದು ಕೈ ಹಿಡ್ಕೊಳ್ಳೋರು. ಈಗ ನನ್ನ ಸೋದರಮಾವ ಕೇರಿಲೇ, ಬೀಗರು ಕೇರಿಲೇ, ಸೊಸೆ ಕೇರಿಲೇ. ಕೇರಿ ಎದ್ದು ನಡುದ್ರೆ ನೆಂಟಸ್ತನವೆಲ್ಲ ಜೊತೇಲೇ ಬರ್ತದೆ. ಹಿಂದಕ್ಕೆ ತಿರುಗಿ ನೋಡೋಣ ಅಂದ್ರೆ ಇಲ್ಲಿ ನಮ್ಮೋರು ಅಂತ ಯಾರಿದ್ದಾರೆ?"

ಆಗ ದೇವೀರಿ ಎದ್ದು ನಿಂತಳು. "ನಮ್ಮೋರು ಇದ್ದೀವಿ ಅಣ್ಣ. ನನ್ನ ಮಗಳು ನಿಮ್ಮ ಹತ್ರ ಇದ್ದಾಳೆ. ಹೋಗೋರು ಹೋಗಿ. ಅವಳನ್ನ ಬಿಟ್ಟು ಹೋಗಿ."

ಅಂಕಯ್ಯ ತಲೆ ತಗ್ಗಿಸಿದನು. "ನಿನ್ನ ಸಂಕಟ ಗೊತ್ತಾಗಲ್ಲ ಅಂತಲ್ಲ ತಾಯಿ. ಅವಳಿಗೆ ನನ್ನ ಮೊಮ್ಮಗನ್ನ ಅಂತ ಮಾತಾಗಿದೆ. ಬಾಲದ ಬೆಳಕಿಗೆ ಅವಳ ಬಿಟ್ರೆ ಬೇರೆ ಕೈಯಿಲ್ಲ. ಮತ್ತೆ, ಒಪ್ಸಿದ್ ಮೇಲೆ ಮಗು ಕೇರೀದು, ಹೆತ್ತೋರಿಗೆ ಹಕ್ಕಿಲ್ಲ ಅಂತ ಬರುದಿರೋದು ನಿಮ್ಮ ತಂದೆಯೋರೇ ಅಲ್ವಾ? ಅವರು ಅದು ತಪ್ಪು ಅಂದ್ಬಿಡ್ಲಿ, ಇವತ್ತೇ ಕರ್ಕೊಂಡ್ ಹೋಗು."

ದೇವೀರಿ ನನ್ನ ಕಡೆ ತಿರುಗಿದಳು. ಐದು ವರ್ಷಗಳ ಮೇಲೆ ಅವಳು ನನ್ನ ಮುಖವನ್ನು ನೋಡಿದ್ದು ಅದೇ ಮೊದಲು. ನಾನು ಹೇಳಬೇಕಾಗಿದ್ದುದು ಒಂದು ಮಾತು. ತಪ್ಪು ಬರೆದೆ, ಎಂಬ ಎರಡು ಪದ. ಮೂವತ್ತು ವರ್ಷ ನನ್ನ ಬರಹ ತಪ್ಪಿಲ್ಲವೆಂದು ನಂಬಿದ ಸಭೆ ನನ್ನ ಸುತ್ತ ಕುಳಿತಿತ್ತು. ನನ್ನ ಬಾಯಿ ತೆರೆಯಿತು. ಹೊರಗೆ ಬಂದದ್ದು, "ಬರೆದದ್ದು ಬರೆದದ್ದೇ" ಎಂಬ ಮಾತು. ಅವಳು ಕಣ್ಣು ತೆಗೆದುಕೊಂಡಳು. ಮತ್ತೆ ಕೇಳಲಿಲ್ಲ.

ಮರುದಿನ ಬೆಳಗ್ಗೆ ಮಂಜಿನಲ್ಲಿ ಊರೆಲ್ಲ ಮೊದಲ ಕಲ್ಲಿನ ಬಳಿ ನಿಂತಿತ್ತು. ನೂರೈವತ್ತೆಂಟು ಮಂದಿ ಕಲ್ಲುಗಳ ಮೇಲೆ ನಡೆದುಹೋದರು. ಮೈ ಕಾಣದು, ಗಂಟುಮೂಟೆ ಕಾಣದು. ಕೈಗಳು ಮಾತ್ರ ಕಾಣುತ್ತಿದ್ದವು. ಸಾಲಿನ ಕೊನೆಯಲ್ಲಿ ಉಳಿದವುಗಳಿಗಿಂತ ತಗ್ಗಿನಲ್ಲಿ ಒಂದು ಕೈ ಹಿಂದಕ್ಕೆ ಚಾಚಿಕೊಂಡಿತ್ತು. ಬಾಲದ ಬೆಳಕಿನವರು ಹಿಂತಿರುಗಿ ನೋಡಕೂಡದು, ಕಾಲು ತಪ್ಪುತ್ತದೆ. ಅವಳು ಅದನ್ನು ಚೆನ್ನಾಗಿ ಕಲಿತಿದ್ದಳು. ಆ ಕೈ ಕಿರಿದಾಗುತ್ತ ಹೋಗಿ, ಕಾಳಿನಷ್ಟಾಗಿ, ಇಲ್ಲವಾಯಿತು. ನನ್ನ ಪಕ್ಕದಲ್ಲಿ ಸಣ್ಣೀರವ್ವ ನಿಂತಿದ್ದಳು. ಗಾಳಿಯ ಮಾತನ್ನು ಅವಳು ನನಗೆ ನೆನಪು ಮಾಡಿಕೊಡಲಿಲ್ಲ. ಮಾಡಿಕೊಟ್ಟಿದ್ದರೆ ಲೇಸಾಗಿತ್ತು.

ಆ ಮಂಜುಗಾಲ ಹೇಗೆ ಕಳೆಯಿತೆಂದು ವಿವರಿಸಲಾರೆ. ಕಲ್ಲಿನಿಂದ ಕಲ್ಲಿಗೆ ಜೊಂಡಿನ ಹಗ್ಗ ಬಿಗಿದರು. ಹತ್ತು ಕಲ್ಲಿಗೊಂದು ಗಂಟೆ ಕಟ್ಟಿದರು. ಆದರೂ ಇಬ್ಬರು ಜೌಗಿನ ಪಾಲಾದರು. ಮಾಚಯ್ಯ ನನ್ನ ಮನೆಗೆ ಬಂದನು. ಮುದುಕನಾಗಿದ್ದನು, ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟನು. "ಪುಸ್ತಕ ನೋಡಿ ಅಯ್ಯ. ಕೇರಿಗೆ ಒಪ್ಸದೆ ಉಳ್ಕೊಂಡಿರೋ ಕೂಸು ಒಂದಾದ್ರೂ ಇದೆಯಾ? ಸಿಕ್ರೆ ಈ ಸಲ ಸಭಾಮನೇಲೇ ಇಟ್ಟು ಸಾಕಾಣ. ಎಲ್ಲೂ ಹೋಗದಂಗೆ ಕಾವಲು ಹಾಕಾಣ," ಎಂದನು. ಒಂದು ವಾರ ಅವಕಾಶ ಕೇಳಿದೆ.

ಆ ವಾರ ನಾನು ಹಳೆಯ ಮಡಕೆಯನ್ನು ಇಳಿಸಿ, ಗುಲಗಂಜಿಗಳನ್ನು ಚಾಪೆಯ ಮೇಲೆ ಸುರಿದು, ಮೂವತ್ತು ವರ್ಷಗಳ ಹಿಂದೆಯೇ ಮಾಡಬೇಕಾಗಿದ್ದ ಲೆಕ್ಕವನ್ನು ಮಾಡಿದೆ. ಸಾವಿರದಾರುನೂರು ಜನರಲ್ಲಿ ಮೂರು ಸಾವಿರದಿನ್ನೂರು ಕಾಳು. ಅದರಲ್ಲಿ ಬಿಳಿಯವು ಎಂಟುನೂರು. ಬೆಳಗುತ್ತಿದ್ದ ನೂರು ಮಂದಿಯ ಬಳಿ ಇದ್ದುದು ಇನ್ನೂರು. ಉಳಿದ ಆರುನೂರು ಬೆಳಗದ ಜನರೊಳಗೆ, ಒಬ್ಬೊಬ್ಬರಲ್ಲಿ ಒಂದೊಂದಾಗಿ ಮಲಗಿದ್ದವು. ನಮ್ಮೂರಿನ ಬೆಳಕಿನ ಮುಕ್ಕಾಲು ಪಾಲು ಕಾಣದ ಬೆಳಕು. ಬೆಳ್ಳುಗುರಿನವರು ಎಲ್ಲ ಬೀದಿಗಳಿಗೂ ಮದುವೆಯಾಗಿ ಹೋಗುತ್ತಿದ್ದಾಗ ಅವರ ಕಾಳುಗಳು ಮತ್ತೆ ಮಡಕೆಗೇ ಬಂದು ಬೀಳುತ್ತಿದ್ದವು; ಆದುದರಿಂದಲೇ ತಾತನ ಕಾಲಕ್ಕೂ ನನ್ನ ಕಾಲಕ್ಕೂ ಪಾಲು ಕದಲಿರಲಿಲ್ಲ. ನಾನು ತಲೆಮಾರಿಗೊಮ್ಮೆ ಜೋಡಿ ಬಿಳಿಯನ್ನು ಆರಿಸಿ ಹೊರಗಿಟ್ಟೆ. ಊರ ಮಡಕೆಯಲ್ಲಿ ಬಿಳಿಯ ಪಾಲು ನಾಲ್ಕರಲ್ಲೊಂದಿದ್ದುದು ಐದರಲ್ಲೊಂದಾಯಿತು, ಆಮೇಲೆ ಆರರಲ್ಲೊಂದು. ಒಂದೇ ಒಂದು ಬಿಳಿ ಕಾಳನ್ನೂ ನಾನು ಹೊಸದಾಗಿ ಹುಟ್ಟಿಸಿರಲಿಲ್ಲ. ಬಾಚಿ ಗುಡ್ಡೆ ಹಾಕಿದ್ದೆ, ಅಷ್ಟೆ. ಸಣ್ಣೀರವ್ವ ಒಂದೇ ಮಾತಿನಲ್ಲಿ ಕೇಳಿದ್ದು ಇದನ್ನೇ.

ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಪಾಲು ಇಳಿದಿದ್ದರೂ ಬತ್ತಿರಲಿಲ್ಲ. ಚೆಲುವಿ ಹುಟ್ಟುವುದಕ್ಕೆ ಮುಂಚಿನ ಐದು ವರ್ಷ, ಆಮೇಲಿನ ಐದು ವರ್ಷ, ಒಟ್ಟು ಹತ್ತು ವರ್ಷಗಳಲ್ಲಿ ಸಾದಾ ಮನೆಗಳಲ್ಲಿ ನಾನೂರೈವತ್ತು ಹೆರಿಗೆಯಾಗಿದ್ದವು. ಇಳಿದ ಪಾಲನ್ನೇ ಹಿಡಿದರೂ ಮೂವತ್ತಕ್ಕೊಂದರಂತೆ ಹದಿನೈದು ಮಕ್ಕಳಾದರೂ ಬೆಳಗಬೇಕಾಗಿತ್ತು. ಪುಸ್ತಕದಲ್ಲಿದ್ದುದು ಒಂದೇ ಒಂದು. ನನ್ನ ಮೊಮ್ಮಗಳು.

ಒಂದೆರಡು ಕಡಿಮೆಯಾದರೆ ಅದೃಷ್ಟವೆನ್ನಬಹುದು. ಹದಿನಾಲ್ಕು ಮಕ್ಕಳು ಅದೃಷ್ಟದಿಂದ ಕಾಣೆಯಾಗುವುದಿಲ್ಲ. ನಾನು ಎದ್ದು ಹೊರಗೆ ಬಂದೆ. ಬಿಸಿಲಿತ್ತು. ಬೀದಿಯಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು. ಹುಡುಗರು, ಹುಡುಗಿಯರು, ಸೊಂಟದ ಮೇಲಿನ ಕೂಸುಗಳು, ಎಲ್ಲರ ಬೆರಳ ತುದಿಯೂ ಮದರಂಗಿಯಿಂದ ಕೆಂಪಗಿತ್ತು. ಆ ಬಣ್ಣದ ಅಡಿಯಿಂದ ಉಗುರಿನ ಬೆಳಕು ಹೊರಬರುವುದಿಲ್ಲ. ಬೆಳಗುವ ಮಗುವನ್ನು ಗುರುತಿಸಲಾಗದಂತೆ ಬೆಳಗದ ಮಕ್ಕಳ ತಾಯಂದಿರೂ ಹಚ್ಚಿದ್ದರು. ಇಡೀ ಊರಿನ ಹೆಂಗಸರು ಕೂಡಿ ಇಪ್ಪತ್ತು ವರ್ಷ ನನ್ನ ಪುಸ್ತಕಕ್ಕೆ ಸುಳ್ಳು ಹೇಳಿದ್ದರು, ಸಣ್ಣೀರವ್ವನ ಬಾಯಿಂದ. ಎಲ್ಲ ತಾಯಂದಿರೂ ತಮ್ಮ ಮಕ್ಕಳನ್ನು ಉಳಿಸಿಕೊಂಡಿದ್ದರು. ಉಳಿಸಿಕೊಳ್ಳಲಾರದೆ ಹೋದವಳು ಒಬ್ಬಳೇ. ಏಕೆಂದರೆ ಅವಳು ಹೆತ್ತದ್ದು ನನ್ನ ಮನೆಯಲ್ಲಿ.

ವಾರ ಕಳೆದು ಮಾಚಯ್ಯ ಬಂದಾಗ, "ಪುಸ್ತಕದಲ್ಲಿ ಯಾರೂ ಇಲ್ಲ" ಎಂದೆ. ಆ ಮಾತು ನಿಜವೇ ಆಗಿತ್ತು.

ಮುಂದಿನ ವರ್ಷ ದೇವೀರಿಗೆ ಮತ್ತೆ ಹೆರಿಗೆಯಾಯಿತು. ಹದಿಮೂರು ವರ್ಷಗಳ ಮೇಲೆ. ಈ ಸಲ ಗಂಡನ ಮನೆಯಲ್ಲಿ. ಸಣ್ಣೀರವ್ವ ಹೇಳಿಕಳುಹಿಸಿದಳು: "ಪುಸ್ತಕ ತಗೊಂಡು ನೀನೇ ಬರ್ಬೇಕಂತೆ." ಹೋದೆ. ಜವರಪ್ಪ ಬಾಗಿಲಲ್ಲಿ ಎದ್ದು ನಿಂತು, "ಬನ್ನಿ ಮಾವ" ಎಂದಷ್ಟೇ ಹೇಳಿ ಸರಿದನು. ದೇವೀರಿ ಗೋಡೆಗೊರಗಿ ಕುಳಿತಿದ್ದಳು. ಮಗು ಮಡಿಲಲ್ಲಿ, ಗಂಡುಮಗು. ಹುಟ್ಟಿ ನಾಲ್ಕು ಗಂಟೆಯೂ ಆಗಿರಲಿಲ್ಲ, ಹತ್ತು ಬೆರಳಿಗೂ ಮದರಂಗಿಯ ಹಸಿ ಮುದ್ದೆ ಮೆತ್ತಿತ್ತು. ಪಕ್ಕದ ಬಚ್ಚಲಿನಲ್ಲಿ ಹಂಡೆ ಕುದಿಯುವ ಸದ್ದು ಕೇಳುತ್ತಿತ್ತು.

ಪುಸ್ತಕ ಬಿಚ್ಚಿದೆ. 'ಸಾದಾ' ಎಂದು ಬರೆದೆ. ಅಕ್ಷರ ಸ್ವಲ್ಪ ಓರೆಯಾಯಿತು.

ದೇವೀರಿ ಪುಟವನ್ನೇ ನೋಡುತ್ತಿದ್ದಳು. "ತೊಳೆದು ಹಬೆಗೆ ಹಿಡಿದು ನೋಡಲ್ವಾ, ಅಪ್ಪಯ್ಯ?"

"ನೋಡುವುದೇನಿದೆ. ಸಾದಾ."

ಅವಳು ಮಗುವಿನ ಬೆರಳಿನಿಂದ ಜಾರುತ್ತಿದ್ದ ಮದರಂಗಿಯನ್ನು ಒತ್ತಿ ಸರಿಮಾಡಿದಳು. "ಎಷ್ಟು ಸುಲಭ ಇತ್ತು ನೋಡಿ" ಎಂದಳು.

ಪುಸ್ತಕವನ್ನು ನಾನು ಬಿಟ್ಟುಕೊಟ್ಟದ್ದು ಅದೇ ವರ್ಷ. ಆಮೇಲೆ ಅದನ್ನು ಬರೆಯಲು ಯಾರೂ ಮುಂದೆ ಬರಲಿಲ್ಲ. ಅದು ನನ್ನ ಮನೆಯಲ್ಲೇ ಉಳಿದಿದೆ. ಸಣ್ಣೀರವ್ವ ಇಲ್ಲ, ಮಾಚಯ್ಯ ಇಲ್ಲ. ನನಗೆ ಎಂಬತ್ತಮೂರು. ಈಗ ಊರಿನಲ್ಲಿ ಮದರಂಗಿ ಹಚ್ಚದ ಕೈಯಿಲ್ಲ, ಮುದುಕನಾದ ನನ್ನದೂ ಸೇರಿ. ಸಂಬಂಧ ಬೆಳೆಸುವಾಗ ಉಗುರು ನೋಡುವವರಿಲ್ಲ, ನೋಡಿದರೂ ತಿಳಿಯದು. ಮಡಕೆ ಮತ್ತೆ ತಾನೇ ಕಲಸಿಕೊಳ್ಳುತ್ತಿದೆ. ಮಂಜುಗಾಲದಲ್ಲಿ ಹಗ್ಗ ಹಿಡಿದು ಕಲ್ಲಿನ ಮೇಲೆ ನಡೆಯುವವರ ಮುಂದೆ ಒಮ್ಮೊಮ್ಮೆ ಒಂದೇ ಒಂದು ಬೆರಳು ಬೆಳಗುತ್ತದೆ, ಯಾರೋ ಆಗತಾನೆ ಬಣ್ಣ ಕೆರೆದಂತೆ. ಯಾರದೆಂದು ಯಾರೂ ಕೇಳುವುದಿಲ್ಲ. ದಡ ಸೇರಿ ಬಿಸಿಲು ಬಿದ್ದರೆ ಎಲ್ಲ ಕೈಗಳೂ ಒಂದೇ ಕೆಂಪು. ಮೊಮ್ಮಗನಿಗೆ ಈಗ ಇಪ್ಪತ್ತು ವರ್ಷ. ಅವನ ಉಗುರು ಎಂಥದೆಂದು ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಹಕ್ಕನ್ನು ಕಳೆದುಕೊಂಡಿದ್ದೇನೆ.

ಕೆಲವು ಮಧ್ಯಾಹ್ನ ಪುಸ್ತಕ ತೆರೆದು ಕುಳಿತುಕೊಳ್ಳುತ್ತೇನೆ. ಆ ಹತ್ತು ವರ್ಷಗಳ ಪುಟಗಳಲ್ಲಿ ಸಾದಾ, ಸಾದಾ, ಸಾದಾ ಎಂದು ಸಾಲಾಗಿ ಇಳಿದಿದೆ; ಅದರಲ್ಲಿ ಸುಳ್ಳು ಯಾವುದೆಂದು ಬರೆದ ನನಗೇ ತಿಳಿಯದು. ನಡುವೆ ಒಂದೇ ಒಂದು ಸಾಲು ಬೇರೆಯಾಗಿದೆ. ಮಗುವಿನ ಹೆಸರು ಚೆಲುವಾಂಬೆ, ತಾಯಿ ದೇವೀರಿ, ಬೆಳ್ಳುಗುರು. ಅಕ್ಷರಗಳು ದುಂಡಗೆ, ಒಂದಿಷ್ಟೂ ಓರೆಯಿಲ್ಲದೆ ನಿಂತಿವೆ. ಇಡೀ ಪುಟದಲ್ಲಿ ನಿಜವೆಂದು ನಾನು ಆಣೆಯಿಟ್ಟು ಹೇಳಬಲ್ಲ ಸಾಲು ಅದೊಂದೇ.